ಬಿಸಿಲೆ ಘಾಟ್ ರೋಡ್ ಸೈಕಲ್‌ನಲ್ಲಿ: 36/28 ಗೇರ್, 25 ಎಂಎಂ ಟೈರ್ ಸಾಕಾ?

ಹೊಸಗಾಲಿ:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಬಿಸಿಲೆ ಘಾಟ್ ಹತ್ತುವ ಆಲೋಚನೆ ಇದೆ. ಹಿಂದಿನ ರಾತ್ರಿ ಕುಕ್ಕೆಯಲ್ಲಿ ಉಳಿದು, ಬೆಳಿಗ್ಗೆ ಪಕ್ಕದ ಕುಲ್ಕುಂದದಿಂದ ಹೊರಟು ಬಿಸಿಲೆ, ವಣಗೂರು ಕೂಡುರಸ್ತೆ, ಹೆತ್ತೂರು ಮಾರ್ಗವಾಗಿ ಹಗಲಿನಲ್ಲೇ ಸಕಲೇಶಪುರ ಸೇರಬೇಕು. ಶಿರಾಡಿಯಲ್ಲಿ ಲಾರಿಗಳ ಮಧ್ಯೆ ಹತ್ತುವುದು ಬೇಡ, ಕಾಡಿನ ದಾರಿ ಬೇಕು ಎಂದೇ ಇದನ್ನು ಆರಿಸಿಕೊಂಡೆ.

ಸೈಕಲ್ ಅಲ್ಯೂಮಿನಿಯಂ ಫ್ರೇಮ್‌ದು. ಗೇರ್ ಸೆಟ್ ಶಿಮಾನೋ 105 ಆರ್7000, ಮುಂದಿನ ಎರಡು ಹಲ್ಲುಚಕ್ರಗಳಿಗೆ (ಚೈನ್‌ರಿಂಗ್) 52/36 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗೊಂಚಲು (ಕ್ಯಾಸೆಟ್) 11-28, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಶಾರ್ಟ್ ಕೇಜ್‌ದು (ಗಿಡ್ಡ ತೋಳಿನದು), ರಿಮ್ ಬ್ರೇಕ್, 25 ಎಂಎಂ ಟೈರ್, ಒಳಗೆ ಟ್ಯೂಬ್. ನನ್ನ ತೂಕ 74 ಕೆಜಿ, ಸೈಕಲ್ 9 ಕೆಜಿ, ನೀರು ಸಾಮಾನು ಸೇರಿ ಇನ್ನೊಂದು 3 ಕೆಜಿ. ಒಂದು ಗಂಟೆ ಹಿಡಿದಿಡಬಲ್ಲ ಪವರ್ ಸುಮಾರು 190 ವ್ಯಾಟ್.

ನನ್ನ ಪ್ರಶ್ನೆಗಳು: ಈ ಗೇರ್ ಸಾಕಾ? ಟೈರ್ ಬದಲಿಸಬೇಕಾ? ಎಷ್ಟು ಗಂಟೆಗೆ ಹೊರಡಬೇಕು? ಆನೆ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಿಜಕ್ಕೂ ಏನು ಮಾಡಬೇಕು? ನಕ್ಷೆಯಲ್ಲಿ ಸರಾಸರಿ ಏರು ಶೇ. 3 ಎಂದು ಕಾಣುತ್ತಿದೆ. ಅಷ್ಟೇ ಆದರೆ ಇಷ್ಟು ಜನ ಯಾಕೆ ಹೆದರಿಸುತ್ತಾರೆ ಅಂತ ಅರ್ಥವಾಗಲಿಲ್ಲ.

ಮಲೆಸಾಲು:

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕುಲ್ಕುಂದದಿಂದ ಬಿಸಿಲೆಗೆ 25 ಕಿ.ಮೀ. ಆಸುಪಾಸು, ಏರಿಕೆ ಸುಮಾರು 700 ಮೀಟರ್. ಭಾಗಿಸಿದರೆ ಶೇ. 3ರ ಹತ್ತಿರ ಬರುತ್ತದೆ, ಸರಿ. ಆದರೆ ಕುಲ್ಕುಂದದಿಂದ ಮೊದಲ ಭಾಗ ಸಣ್ಣ ಏರಿಳಿತಗಳಲ್ಲೇ ಕಳೆದುಹೋಗುತ್ತದೆ. ಹತ್ತಿದ್ದನ್ನು ಮತ್ತೆ ಇಳಿಸುವ ಜಾಗಗಳೂ ಇವೆ. ಹಾಗಾಗಿ ನಿಜವಾದ ಏರು ಮೇಲ್ಭಾಗದಲ್ಲಿ ಒತ್ತಾಗಿ ಕೂತಿದೆ. ಶೇ. 8ರ ಏರನ್ನು ಆರಾಮಾಗಿ, ಶೇ. 10ರ ತುಂಡುಗಳನ್ನು ಕಷ್ಟಪಟ್ಟಾದರೂ ಕೂತೇ ತುಳಿಯುವ ಹಾಗೆ ತಯಾರಾಗಿ ಹೋಗಿ. ಸರಾಸರಿಯನ್ನು ನಂಬಿ ಕೆಳಗೆ ಬೀಸಿ ತುಳಿದವರು ಮೇಲೆ ಸೈಕಲ್ ತಳ್ಳುವುದು ಇಲ್ಲಿ ಬಹಳ ಸಾಮಾನ್ಯ.

ಇನ್ನೊಂದು ವಿಷಯ. ಬಿಸಿಲೆಯ ವ್ಯೂ ಪಾಯಿಂಟ್ ಮುಟ್ಟಿದ ಕೂಡಲೇ ಏರು ಮುಗಿಯಿತು ಅಂದುಕೊಳ್ಳಬೇಡಿ. ಅಲ್ಲಿಂದ ಎದುರಿಗೆ ಕುಮಾರಪರ್ವತದ ಸಾಲು ಕಾಣುತ್ತದೆ, ನಿಂತು ನೋಡಲೇಬೇಕಾದ ಜಾಗ, ನಿಲ್ಲಿ. ಆದರೆ ಸಕಲೇಶಪುರ ಇನ್ನೂ 50 ಕಿ.ಮೀ. ಹತ್ತಿರ ಇದೆ, ಅದು ಕಾಫಿ ತೋಟಗಳ ನಡುವೆ ಏರುತ್ತ ಇಳಿಯುತ್ತ ಹೋಗುವ ದಾರಿ. ಒಂದೊಂದು ದಿಣ್ಣೆಯೂ ಚಿಕ್ಕದು, ಒಟ್ಟು ಸೇರಿದರೆ ಕಾಲು ಬಿಡುತ್ತದೆ. ಆ ಭಾಗದಲ್ಲೇ ಮಂಕನಹಳ್ಳಿಯ ರಿಡ್ಜ್ ಇದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಘಾಟಿ ಹತ್ತಿದ್ದಕ್ಕೆ ಅರ್ಥ ಬರುವುದು ಆ ಜಾಗದಲ್ಲಿ, ತಪ್ಪಿಸಿಕೊಳ್ಳಬೇಡಿ.

ಕಾಲದ ಬಗ್ಗೆ: ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯದು, ಜನವರಿ ಸರಿಯಾಗಿದೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ಕಾಂಕ್ರೀಟಿನ ಮೇಲೆ ಪಾಚಿ ಕಟ್ಟುತ್ತದೆ, ಪಂಕ್ಚರ್ ಹಾಕಲು ಐದು ನಿಮಿಷ ನಿಂತರೆ ಇಂಬಳ ಮೊಣಕಾಲಿಗೆ ಬಂದಿರುತ್ತದೆ. ಮಾರ್ಚ್ ನಂತರ ಮಧ್ಯಾಹ್ನದ ಸೆಕೆ ಜೋರು, ಜೊತೆಗೆ ಸಂಜೆಯ ಗುಡುಗು ಮಳೆ.

ದಿನ ಆರಿಸುವಾಗ ಪಂಚಾಂಗವನ್ನೂ ನೋಡಿಕೊಳ್ಳಿ. ಚಂಪಾಷಷ್ಠಿಯ ಆಸುಪಾಸು ಕುಕ್ಕೆಯಲ್ಲಿ ರೂಮು ಸಿಗುವುದಿಲ್ಲ, ದಾರಿಯಲ್ಲೂ ವಾಹನ ಹೆಚ್ಚು. ಆಶ್ಲೇಷಾ ನಕ್ಷತ್ರದ ದಿನ, ಭಾನುವಾರ, ಸಾಲು ರಜೆ ಇದ್ದಾಗಲೂ ಹಾಗೆಯೇ. ಬುಧವಾರವೋ ಗುರುವಾರವೋ ಹೋದರೆ ನಿಮಗೆ ಬೇಕಾದ ಮೌನ ಸಿಗುತ್ತದೆ. ಹೊರಡುವ ಮುನ್ನ ಶಿರಾಡಿ ತೆರೆದಿದೆಯಾ ಎಂದೂ ನೋಡಿ. ಅದು ಮುಚ್ಚಿದರೆ ಒಂದಷ್ಟು ವಾಹನಗಳು ಈ ಕಡೆ ತಿರುಗುತ್ತವೆ, ಆಗ ಈ ಕಿರಿದಾದ ರಸ್ತೆ ಸೈಕಲ್‌ಗೆ ಹೇಳಿಸಿದ್ದಲ್ಲ.

ಚೈನ್ ಲೆಕ್ಕ:

ಗೇರಿನ ಪ್ರಶ್ನೆಗೆ ಅಂದಾಜಿನಲ್ಲಿ ಉತ್ತರಿಸುವುದಕ್ಕಿಂತ ನೀವು ಕೊಟ್ಟ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಹಾಕೋಣ.

ಒಟ್ಟು ತೂಕ 86 ಕೆಜಿ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 36/28ರಲ್ಲಿ, ಅಂದರೆ ಮುಂದೆ 36, ಹಿಂದೆ 28 ಹಲ್ಲಿನಲ್ಲಿ, ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 2.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9.7 ಕಿ.ಮೀ. ಶೇ. 8ರ ಏರಿನಲ್ಲಿ ಆ ವೇಗಕ್ಕೆ ಬೇಕಾಗುವುದು ಸುಮಾರು 205 ವ್ಯಾಟ್, ಶೇ. 10ರಲ್ಲಿ 250 ವ್ಯಾಟ್. ನಿಮ್ಮದು ಒಂದು ಗಂಟೆಗೆ 190. ಈ ಘಾಟಿಗೆ ನಿಮಗೆ ಎರಡು ಗಂಟೆಗಿಂತ ಹೆಚ್ಚೇ ಬೇಕು, ಅಷ್ಟು ಹೊತ್ತು ಹಿಡಿಯಬಹುದಾದದ್ದು 160ರಿಂದ 165. ಅಂದರೆ 36/28 ಸಾಲದು. ಹತ್ತಲಾಗುವುದಿಲ್ಲ ಎಂದಲ್ಲ, ಪೆಡಲ್ 45ರಿಂದ 50 ಸುತ್ತಿಗೆ ಇಳಿದು ಪ್ರತಿ ತುಳಿತವೂ ಮಂಡಿಯ ಮೇಲೆ ಬೀಳುತ್ತದೆ. ಮೊದಲ ದಿಣ್ಣೆಗಳಲ್ಲಿ ಇದು ಗೊತ್ತಾಗುವುದಿಲ್ಲ, ಬಿಸಿಲೆ ದಾಟಿದ ಮೇಲೆ ತೊಡೆ ಹಿಡಿದುಕೊಂಡಾಗ ಗೊತ್ತಾಗುತ್ತದೆ.

ಈಗ ಹಿಂದೆ ಮಾತ್ರ 11-34 ಹಾಕಿ ನೋಡಿ. 36/34ರಲ್ಲಿ 60 ಸುತ್ತಿಗೆ ಗಂಟೆಗೆ 8 ಕಿ.ಮೀ. ಶೇ. 8ಕ್ಕೆ ಸುಮಾರು 170 ವ್ಯಾಟ್, ಶೇ. 10ಕ್ಕೆ 205. ಅದೇ ಏರಿನಲ್ಲಿ ಪೆಡಲ್ ಮೇಲೆ ಹಾಕಬೇಕಾದ ಒತ್ತಡ ಮೊದಲಿಗಿಂತ ಶೇ. 18ರಷ್ಟು ಕಡಿಮೆ. ಇದು ನಿಮ್ಮ ಶಕ್ತಿಯ ಅಳತೆಯೊಳಗೆ ಬರುತ್ತದೆ. ಮುಂದೆಯೂ 50/34 ಮಾಡಿದರೆ ಶೇ. 8ಕ್ಕೆ 160ರ ಹತ್ತಿರ ಬರುತ್ತದೆ, ಆದರೆ ಎರಡೂ ಚೈನ್‌ರಿಂಗ್ ಬದಲಿಸಬೇಕು. ಒಳಗಿನ 36 ಮಾತ್ರ ತೆಗೆದು 34 ಹಾಕಿ 52/34 ಮಾಡಬೇಡಿ. ಆ ಮುಂದಿನ ಡಿರೇಲರ್ ತಡೆದುಕೊಳ್ಳುವ ವ್ಯತ್ಯಾಸ 16 ಹಲ್ಲು, ಅಲ್ಲಿ 18 ಆಗುತ್ತದೆ. ಏರಿನ ಬುಡದಲ್ಲಿ ಚೈನ್ ಕೆಳಕ್ಕೆ ಬೀಳುವುದು ಇಂಥ ಜೋಡಣೆಯಲ್ಲೇ.

ಹೊಸಗಾಲಿ:

ಲೆಕ್ಕ ನೋಡಿದ ಮೇಲೆ ಸಂಶಯ ಉಳಿಯಲಿಲ್ಲ, ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ 11-34 ಕ್ಯಾಸೆಟ್ ಒಂದನ್ನೇ ತಂದು ಹಾಕಿದರೆ ಆಯಿತಾ? ಈಗಿರುವ ಚೈನ್, ಡಿರೇಲರ್ ಇಟ್ಟುಕೊಳ್ಳಬಹುದಾ?

ಚೈನ್ ಲೆಕ್ಕ:

ಇಲ್ಲ. ಆರ್7000 ಶಾರ್ಟ್ ಕೇಜ್ ಡಿರೇಲರ್ ಹಿಂದೆ 30 ಹಲ್ಲಿನವರೆಗೆ, ಒಟ್ಟು ಸಾಮರ್ಥ್ಯ (ಮುಂದಿನ ಮತ್ತು ಹಿಂದಿನ ದೊಡ್ಡ-ಚಿಕ್ಕ ಹಲ್ಲುಗಳ ವ್ಯತ್ಯಾಸಗಳ ಮೊತ್ತ) 35. ನಿಮ್ಮ ಹೊಸ ಜೋಡಣೆಗೆ ಬೇಕಾಗುವುದು ಮುಂದೆ 16, ಹಿಂದೆ 23, ಒಟ್ಟು 39. ಅದಕ್ಕೆ ಜಿಎಸ್ ಎಂದು ಬರೆದಿರುವ ಉದ್ದ ಕೇಜ್ ತೆಗೆದುಕೊಳ್ಳಿ, ಅದು ಸರಿಯಾಗಿ 34 ಹಲ್ಲು, 39 ಸಾಮರ್ಥ್ಯದ್ದು. ಚೈನ್ ಕೂಡ ಹೊಸದು ಬೇಕು, ಹಳೆಯದರ ಉದ್ದ ಸಾಲುವುದಿಲ್ಲ. ಚೈನನ್ನು ಡಿರೇಲರ್ ಮೂಲಕ ಹಾಯಿಸದೆ ಮುಂದಿನ ದೊಡ್ಡ ರಿಂಗ್, ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಸುತ್ತಿ, ತುದಿಗಳು ಸೇರುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಕೊಂಡಿ ಕಡಿಮೆಯಾಗಿ ಯಾರಾದರೂ ಮರೆತು ದೊಡ್ಡದರಿಂದ ದೊಡ್ಡದಕ್ಕೆ ಹಾಕಿದರೆ ಡಿರೇಲರ್ ತನ್ನನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಸಮೇತ ಕಿತ್ತು ಬರುತ್ತದೆ.

ಅಂಗಡಿಯಲ್ಲಿ ತಪ್ಪುವ ಜಾಗ ಒಂದಿದೆ, ಗಮನವಿಡಿ. ಶಿಮಾನೋದ 11 ಸ್ಪೀಡ್ (ಹಿಂದೆ 11 ಹಲ್ಲುಚಕ್ರಗಳ) 11-34 ಕ್ಯಾಸೆಟ್‌ಗಳು, ಅಂದರೆ ಎಚ್‌ಜಿ700 ಮತ್ತು ಎಚ್‌ಜಿ800, ಹಳೆಯ 10 ಸ್ಪೀಡ್ ಅಗಲದ ಫ್ರೀಹಬ್‌ಗೂ (ಹಿಂಚಕ್ರದ ನಡುವೆ ಕ್ಯಾಸೆಟ್ ಕೂರುವ ಭಾಗ) ಕೂರುವ ಹಾಗೆ ಮಾಡಿದವು. ನಿಮ್ಮ 11 ಸ್ಪೀಡ್ ರೋಡ್ ಫ್ರೀಹಬ್ ಮೇಲೆ ಕೂರಿಸುವಾಗ ಮೊದಲು 1.85 ಎಂಎಂ ದಪ್ಪದ ಬಳೆ, ಅಂದರೆ ಸ್ಪೇಸರ್ ಹಾಕಲೇಬೇಕು. ಅದನ್ನು ಬಿಟ್ಟರೆ ಲಾಕ್‌ರಿಂಗ್ ಪೂರ್ತಿ ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ, ಗೇರ್ ತಾನೇ ಹಾರುತ್ತದೆ. ಮೆಕ್ಯಾನಿಕ್ ಗಂಟೆಗಟ್ಟಲೆ ಕೇಬಲ್ ಎಳೆದು ಬಿಟ್ಟು ಮಾಡುತ್ತಿದ್ದರೆ ಕಾರಣ ಇದೇ ಇರಬಹುದು. ಕೂರಿಸಿದ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಒಂದಿಷ್ಟೂ ಸಡಿಲ ಇರಬಾರದು.

ಖರ್ಚು ಬೇಡ ಎಂದರೆ 11-30 ಕ್ಯಾಸೆಟ್ ಈಗಿನ ಡಿರೇಲರ್‌ಗೇ ಆಗುತ್ತದೆ. ಆದರೆ ಶೇ. 8ಕ್ಕೆ 205 ಇದ್ದದ್ದು 190 ಆಗುತ್ತದೆ, ಅಷ್ಟೇ. ಈ ದಾರಿಗೆ ನಾನು ಹೇಳುವುದು 34ನ್ನೇ. ಬಯಲಿನಲ್ಲಿ 11, 13, 15 ಎಂದು ಹಲ್ಲುಗಳ ನಡುವೆ ಅಂತರ ಜಾಸ್ತಿ ಅನ್ನಿಸುತ್ತದೆ. ಘಾಟಿಯಲ್ಲಿ ಅದರ ನೆನಪೂ ಬರುವುದಿಲ್ಲ.

ಕೊನೆಯದಾಗಿ, ಹೊಸ ಚೈನ್, ಕ್ಯಾಸೆಟ್ ಹಾಕಿ ನೇರ ಬಿಸಿಲೆಗೆ ಹೋಗಬೇಡಿ. ಊರಲ್ಲೇ ಒಂದು ಏರಿನಲ್ಲಿ ಒತ್ತಡ ಹಾಕಿ 34ಕ್ಕೆ ಏರಿಸಿ, ಇಳಿಸಿ ನೋಡಿ. ಬಿ-ಟೆನ್ಷನ್ ಸ್ಕ್ರೂ ಹೊಂದಿಸಿ, ಡಿರೇಲರ್‌ನ ಮೇಲಿನ ಪುಟ್ಟ ಚಕ್ರ (ಪುಲ್ಲಿ) 34ರ ಹಲ್ಲಿಗೆ ತಾಗದೆ ಹತ್ತಿರದಲ್ಲೇ ಇರಬೇಕು. ಸ್ಟ್ಯಾಂಡ್ ಮೇಲೆ ಸರಿ ಇದ್ದದ್ದು ಭಾರ ಬಿದ್ದಾಗ ಕೆರೆಯುವುದುಂಟು.

ಹೊಳೆಬದಿ:

ಮಾರಾಯ್ರೆ, ಗೇರು ಸರಿಯಾಯ್ತು, ಈಗ ರಸ್ತೆಯ ಬಗ್ಗೆ ಹೇಳ್ತೇನೆ. ಬಿಸಿಲೆಯ ಮೇಲ್ಮೈ ಕಾಂಕ್ರೀಟು. ಡಾಂಬರಿನ ಹಾಗೆ ಗುಂಡಿ ಬೀಳುವುದು ಕಡಿಮೆ, ಆದರೆ ಸೈಕಲಿಗೆ ಬೇರೆ ತೊಂದರೆ ಇದೆ. ಅಡ್ಡ ಜೋಡಣೆಗಳು ಸಾಲಾಗಿ ಬರುತ್ತವೆ, ಒಂದೊಂದಕ್ಕೂ ಟಕ್ ಟಕ್ ಎಂದು ಅಂಗೈಗೆ ಹೊಡೆಯುತ್ತದೆ. ರಸ್ತೆಯ ನಡುವೆ ಉದ್ದಕ್ಕೂ ಹೋಗುವ ಜೋಡಣೆ ಇರುವಲ್ಲಿ ತೆಳು ಟೈರು ಸಿಕ್ಕಿಕೊಳ್ಳಬಹುದು. ಅದನ್ನು ದಾಟುವುದಿದ್ದರೆ ಓರೆಯಾಗಿ, ಸ್ವಲ್ಪ ದೊಡ್ಡ ಕೋನದಲ್ಲಿ ದಾಟಿ. ಅದರ ಜೊತೆಗೇ ಸವಾರಿ ಮಾಡಬೇಡಿ.

ಇದಕ್ಕಿಂತ ಮುಖ್ಯ, ರಸ್ತೆಯ ಅಂಚು. ಕಾಂಕ್ರೀಟು ಪಕ್ಕದ ಮಣ್ಣಿಗಿಂತ ಎತ್ತರದಲ್ಲಿ ಇರುತ್ತದೆ, ಎಷ್ಟೋ ಕಡೆ ಮಣ್ಣು ಕೊಚ್ಚಿ ಹೋಗಿ ಮೆಟ್ಟಿಲಿನಷ್ಟು ಆಗಿರುತ್ತದೆ. ಎದುರು ಬಸ್ಸು ಬಂತು ಅಂತ ಚಲಿಸುತ್ತಲೇ ಕೆಳಗಿಳಿಸಿದರೆ ಮುಂದಿನ ಚಕ್ರ ಅಂಚಿಗೆ ಉಜ್ಜಿ ಬೀಳುವುದು ಗ್ಯಾರಂಟಿ. ನಿಲ್ಲಿಸಿ, ಕಾಲು ಕೆಳಗಿಟ್ಟು, ಸೈಕಲ್ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳಿ. ಏರಿನಲ್ಲಿ ನಿಮ್ಮ ವೇಗ ಎಂಟು, ನಿಲ್ಲುವುದರಿಂದ ಏನೂ ಹೋಗುವುದಿಲ್ಲ.

ಟೈರು 28 ಎಂಎಂ ಹಾಕಿ. ನಿಮ್ಮ ಆರ್7000 ರಿಮ್ ಬ್ರೇಕಿನ ಕ್ಯಾಲಿಪರ್‌ನೊಳಗೆ 28ರವರೆಗೆ ಜಾಗ ಇದೆ, ಅದಕ್ಕಿಂತ ದೊಡ್ಡದು ಹೋಗುವುದಿಲ್ಲ. ಫ್ರೇಮಿನಲ್ಲೂ ಜಾಗ ಇದೆಯಾ ನೋಡಿಕೊಳ್ಳಿ. ಚೈನ್‌ಸ್ಟೇ (ಹಿಂಚಕ್ರದ ಪಕ್ಕದ ಫ್ರೇಮ್ ಕೊಳವೆ) ಹತ್ತಿರ, ಮುಂದೆ ಫೋರ್ಕಿನ ಕಿರೀಟದ ಕೆಳಗೆ, ಎರಡೂ ಕಡೆ ಕನಿಷ್ಠ 4 ಎಂಎಂ ಬಿಡುವು ಇರಬೇಕು. ಇಲ್ಲದಿದ್ದರೆ ಸಣ್ಣ ಕಲ್ಲು ಟೈರಿಗೆ ಅಂಟಿ ಬಂದು ಫ್ರೇಮು ಕೆರೆಯುತ್ತದೆ. ನಿಮ್ಮ ತೂಕಕ್ಕೆ 28ರಲ್ಲಿ ಗಾಳಿಯ ಒತ್ತಡ ಮುಂದೆ 66, ಹಿಂದೆ 72 ಪಿಎಸ್‌ಐ ಇಟ್ಟು ಶುರು ಮಾಡಿ. ಕೆಲವರು 100 ತುಂಬಿಸಿ ಗಟ್ಟಿ ಇದ್ದರೆ ಬೇಗ ಹೋಗುತ್ತದೆ ಅನ್ನುತ್ತಾರೆ. ಒರಟು ಕಾಂಕ್ರೀಟಿನ ಮೇಲೆ ಅದು ಉಲ್ಟಾ. ಟೈರು ಕುಪ್ಪಳಿಸಿದಷ್ಟೂ ನಿಮ್ಮ ಶಕ್ತಿ ಸೈಕಲನ್ನು ಮೇಲೆ ಕೆಳಗೆ ಆಡಿಸುವುದಕ್ಕೆ ಹೋಗುತ್ತದೆ.

ಜನವರಿಯಲ್ಲೂ ಬೆಳಿಗ್ಗೆ ಇಬ್ಬನಿ ಬಿದ್ದು ಮರಗಳ ಕೆಳಗೆ ರಸ್ತೆ ಒದ್ದೆ ಇರುತ್ತದೆ. ಕಡಿದಾದ ಜಾಗದಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಪಾಚಿಯ ಮೇಲೆ ಸುಮ್ಮನೆ ತಿರುಗುತ್ತದೆ. ಕೂತೇ ತುಳಿಯಿರಿ. ಅದಕ್ಕೇ ಮೇಲಿನವರು 34 ಹಾಕಿ ಎಂದಿದ್ದು ಇಲ್ಲಿ ಎರಡು ಸಲ ಉಪಯೋಗಕ್ಕೆ ಬರುತ್ತದೆ: ಗೇರು ಸಾಲದವರಿಗೆ ಎದ್ದು ನಿಂತು ತುಳಿಯದೆ ಬೇರೆ ದಾರಿಯೇ ಇರುವುದಿಲ್ಲ.

ಹೆತ್ತೂರು ದಾರಿ:

ಆನೆ ವಿಷಯ. ಇದನ್ನು ಪೂರ್ತಿ ಓದಿ.

ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಮತ್ತು ಜನರ ನಡುವಿನ ಸಂಘರ್ಷ ವರ್ಷಗಳಿಂದ ಇದೆ. ಬಿಸಿಲೆ ಮೀಸಲು ಅರಣ್ಯದಲ್ಲಿ ಆನೆ ಇರುತ್ತದೆ, ಘಾಟಿ ದಾಟಿದ ಮೇಲೆ ಕಾಫಿ ತೋಟಗಳಲ್ಲೂ ಇರುತ್ತದೆ. ಆದ್ದರಿಂದ ಕಾಡು ಮುಗಿಯಿತು, ಇನ್ನು ನಿಶ್ಚಿಂತೆ ಅನ್ನುವ ಹಾಗಿಲ್ಲ.

ಸೈಕಲ್‌ನ ದೊಡ್ಡ ಅಪಾಯ ಅದರ ಮೌನ. ಬಸ್ಸು, ಜೀಪು ಬರುವುದು ಆನೆಗೆ ದೂರದಿಂದಲೇ ಕೇಳುತ್ತದೆ, ಅದು ಪಕ್ಕಕ್ಕೆ ಸರಿಯುತ್ತದೆ. ನೀವು ತಿರುವಿನಲ್ಲಿ ಸದ್ದಿಲ್ಲದೆ ಇಪ್ಪತ್ತು ಮೀಟರ್ ಹತ್ತಿರಕ್ಕೆ ಬಂದುಬಿಡುತ್ತೀರಿ. ಬೆಚ್ಚಿದ ಆನೆ ಹೆದರಿ ಓಡಬಹುದು, ಮೇಲೆ ಬೀಳಲೂಬಹುದು. ಅದಕ್ಕೇ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಇರಲಿ, ಮಾತಾಡುತ್ತ ಹತ್ತಿ. ಕುರುಡು ತಿರುವಿಗೆ ಮುಂಚೆ ಬೆಲ್ ಹೊಡೆಯಿರಿ. ಇಯರ್‌ಫೋನ್ ಬೇಡ, ಒಂದು ಕಿವಿಗೂ ಬೇಡ.

ಹೊರಡುವ ಸಮಯ: ಪೂರ್ತಿ ಬೆಳಕಾದ ಮೇಲೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು 7ಕ್ಕೆ ಸ್ವಲ್ಪ ಮುಂಚೆ, ದಟ್ಟ ಮರಗಳ ಕೆಳಗೆ ಬೆಳಕು ಇಳಿಯಲು ಇನ್ನೂ ಹೊತ್ತು ಬೇಕು. ಕುಲ್ಕುಂದದಿಂದ 7.30ಕ್ಕೆ ಹೊರಟರೆ ಸಾಕು. ಬಿಸಿಲಿಗೆ ಹೆದರಿ 5 ಗಂಟೆಗೆ ಹೊರಡುವ ಬೆಂಗಳೂರಿನ ಅಭ್ಯಾಸ ಇಲ್ಲಿ ತಪ್ಪು. ನಸುಕು ಮತ್ತು ಮುಸ್ಸಂಜೆಯೇ ಆನೆ ರಸ್ತೆ ದಾಟುವ ಹೊತ್ತು. ಬಿಸಿಲೆಯಿಂದ ಮುಂದಿನ ಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಂಜೆ 5ರೊಳಗೆ ಸಕಲೇಶಪುರ ಮುಟ್ಟುವ ಹಾಗೆ ನೋಡಿ. ತಡವಾದರೆ ವಣಗೂರು ಕೂಡುರಸ್ತೆಯಲ್ಲೇ ನಿಂತು ಬಸ್ಸೋ ಪಿಕಪ್ಪೋ ಹಿಡಿಯಿರಿ. ಹಠ ಬೇಡ.

ಗುರುತುಗಳನ್ನು ಓದಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ಹಸಿ ಲದ್ದಿ, ಮಿನುಗುತ್ತಿದ್ದರೆ, ಆವಿ ಆಡುತ್ತಿದ್ದರೆ ಆನೆ ಹತ್ತಿರದಲ್ಲೇ ಇದೆ. ಸೀಳಿ ಹಾಕಿದ ಬೈನೆ ಮರ, ಈಗಷ್ಟೇ ಮುರಿದ ಕೊಂಬೆಯ ಬಿಳಿ ಭಾಗ, ರಸ್ತೆಯ ಅಂಚಿನಲ್ಲಿ ಒದ್ದೆ ಹೆಜ್ಜೆ, ಕಾಡಿನೊಳಗೆ ಬೊಂಬು ಸಿಡಿದ ಸದ್ದು. ಇವುಗಳಲ್ಲಿ ಯಾವುದು ಕಂಡರೂ ಕೇಳಿದರೂ ನಿಲ್ಲಿ.

ಕಂಡೇಬಿಟ್ಟರೆ ನೂರು ಮೀಟರ್ ದೂರದಲ್ಲೇ ನಿಂತು, ಬೆಲ್ ಹೊಡೆಯದೆ, ಕೂಗದೆ, ಸೈಕಲ್ ತಿರುಗಿಸಿ ಹಿಂದಿನ ತಿರುವಿನ ಮರೆಗೆ ಇಳಿಯಿರಿ. ಇಳಿಜಾರು ನಿಮ್ಮ ಬೆನ್ನ ಹಿಂದೆ ಇದೆ, ಏರುವವರಿಗೆ ಇದೊಂದು ಅನುಕೂಲ. ಅಲ್ಲಿ ಬಸ್ಸೋ ಜೀಪೋ ಬರುವ ತನಕ ಕಾಯಿರಿ, ಚಾಲಕರಿಗೆ ಹೇಳಿ, ಅವರ ಹಿಂದೆಯೇ ದಾಟಿ. ಅರ್ಧ ಗಂಟೆ ಹೋದರೂ ಹೋಗಲಿ. ಆನೆ ಒಳಗೆ ಹೋಯಿತು ಎಂದು ತಕ್ಷಣ ಹೊರಡಬೇಡಿ, ಹಿಂದೆ ಮರಿ, ಅದರ ಹಿಂದೆ ಇನ್ನೊಂದು ಇರಬಹುದು. ಫೋಟೊ ಆಸೆಗೆ ಮೊಬೈಲ್ ತೆಗೆಯುವ ಹೊತ್ತಿನಲ್ಲೇ ಅನಾಹುತ ಆಗುವುದು.

ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ನಿಂತು ಕೇಳಿ. ನಿನ್ನೆ ರಾತ್ರಿ ಆನೆ ಎಲ್ಲಿತ್ತು ಎಂದು ಅಲ್ಲಿಯ ಸಿಬ್ಬಂದಿಗೆ ಗೊತ್ತಿರುತ್ತದೆ. ಅವರು ಇವತ್ತು ಬೇಡ ಎಂದರೆ ವಾದ ಮಾಡಬೇಡಿ. ರಸ್ತೆ ಬಿಟ್ಟು ಕಾಡಿನೊಳಗೆ, ಹೊಳೆಗೆ ಇಳಿಯುವುದಕ್ಕೆ ಅನುಮತಿ ಬೇಕು, ಸುಮ್ಮನೆ ಇಳಿಯಬೇಡಿ. ಬಿಸಿಲೆ ಕಾಳಿಂಗ ಸರ್ಪದ ಕಾಡೂ ಹೌದು. ಬಾಳೆಹಣ್ಣಿನ ಸಿಪ್ಪೆ, ಚಿಕ್ಕಿಯ ಕವರ್ ಎರಡೂ ಜೇಬಿಗೆ ಹಾಕಿಕೊಂಡು ವಾಪಸ್ ತನ್ನಿ. ಸಿಪ್ಪೆ ಮಣ್ಣಾಗುತ್ತದೆ ಎನ್ನುವ ವಾದ ಸರಿಯಲ್ಲ, ಅದರ ರುಚಿಗೆ ಮಂಗ ರಸ್ತೆಗೆ ಬಂದು ವಾಹನದಡಿ ಸಾಯುತ್ತದೆ.

ಮಲೆಸಾಲು:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಘಾಟಿಯ ಉದ್ದಕ್ಕೂ ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಎಷ್ಟು ಗಂಟೆಗೆ ಹೊರಟಿರಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಏನು ಮಾಡಬೇಕು ಎಂದು ಮನೆಯಲ್ಲೋ ಗೆಳೆಯರಿಗೋ ಹೇಳಿ. ಕುಕ್ಕೆ ಬಸ್ ನಿಲ್ದಾಣದಲ್ಲಿ ಈ ಮಾರ್ಗದ ಬಸ್ಸಿನ ಹೊತ್ತು ಕೇಳಿ ಬರೆದಿಟ್ಟುಕೊಳ್ಳಿ. ಬಸ್ಸುಗಳು ಕೈಬೆರಳೆಣಿಕೆಯಷ್ಟೇ, ಆದರೆ ಸೈಕಲ್ ಕೆಟ್ಟರೆ ಅವೇ ಗತಿ.

ರಿಪೇರಿಗೆ ಎರಡು ಟ್ಯೂಬು, ಪ್ಯಾಚು, ಟೈರು ಹರಿದರೆ ಒಳಗಿಡಲು ಹಳೆ ಟೈರಿನ ತುಂಡು, ತುಂಡಾದ ಚೈನ್ ಸೇರಿಸಲು 11 ಸ್ಪೀಡಿನ ಕ್ವಿಕ್ ಲಿಂಕ್ ಎರಡು, ಚೈನ್ ಕತ್ತರಿಸುವ ಕಡ್ಡಿ ಇರುವ ಮಲ್ಟಿ ಟೂಲ್, ನಿಮ್ಮ ಫ್ರೇಮಿನದೇ ಡಿರೇಲರ್ ಹ್ಯಾಂಗರ್, ಕೈ ಪಂಪು. ಬರೀ ಗ್ಯಾಸ್ ಕಾರ್ಟ್ರಿಡ್ಜ್ ನಂಬಿ ಹೋಗಬೇಡಿ, ಖಾಲಿಯಾದ ಮೇಲೆ ಅದು ಕಬ್ಬಿಣದ ತುಂಡು. ಕುಕ್ಕೆ ಬಿಟ್ಟರೆ ಸಕಲೇಶಪುರದವರೆಗೆ ಈ ಸಾಮಾನು ಕೊಳ್ಳಲು ಜಾಗ ಇಲ್ಲ.

ಉಪ್ಪುನೀರು:

ನೀರಿನ ಬಗ್ಗೆ ಯಾರೂ ಬರೆಯಲಿಲ್ಲ, ಅದು ಈ ಘಾಟಿಯಲ್ಲಿ ಸಣ್ಣ ವಿಷಯವಲ್ಲ. ಜನವರಿಯಲ್ಲಿ ತಂಪು ಎಂದು ಕಡಿಮೆ ಕುಡಿಯುತ್ತಾರೆ. ಕರಾವಳಿ ಕಡೆಯ ಗಾಳಿಯಲ್ಲಿ ತೇವ ಜಾಸ್ತಿ, ಮರಗಳ ಕೆಳಗೆ ಗಾಳಿ ಆಡುವುದಿಲ್ಲ, ನಿಮ್ಮ ವೇಗ ಗಂಟೆಗೆ ಎಂಟು ಕಿ.ಮೀ. ಹೀಗಾಗಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ, ಮೈ ಇನ್ನಷ್ಟು ಬೆವರುತ್ತದೆ. ಗಂಟೆಗೆ 600ರಿಂದ 750 ಮಿ.ಲೀ. ಇಟ್ಟುಕೊಳ್ಳಿ. 750ರ ಎರಡು ಬಾಟಲಿ ತುಂಬಿ ಹೊರಟರೆ ಬಿಸಿಲೆ ಊರಿನವರೆಗೆ ಬರುತ್ತದೆ.

ಒಂದು ಬಾಟಲಿ ಬರೀ ನೀರು, ಇನ್ನೊಂದಕ್ಕೆ ಓಆರ್‌ಎಸ್. ಒಂದು ಲೀಟರಿಗೆ ಎಂದು ಬರೆದಿರುವ ಪುಡಿ ವಾಂತಿಭೇದಿಗೆ ಮಾಡಿದ್ದು, ಲೀಟರಿಗೆ 1.7 ಗ್ರಾಂ ಸೋಡಿಯಂ ಇರುತ್ತದೆ, ಸೈಕಲ್ ಸವಾರಿಗೆ ಅಷ್ಟು ಬೇಡ. ಅದೇ ಪ್ಯಾಕೆಟನ್ನು ಎರಡು ಲೀಟರಿಗೆ ಕಲಸಿದರೆ ಸರಿಹೋಗುತ್ತದೆ, ಕುಡಿಯಲೂ ಹಿತ. ಬಿಪಿ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಓಆರ್‌ಎಸ್‌ನಲ್ಲಿ ಸಕ್ಕರೆಯ ಅಂಶ ಕಡಿಮೆ, ಅದನ್ನೇ ಊಟ ಎಂದುಕೊಳ್ಳಬೇಡಿ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಹತ್ತಿರ, 10 ಗ್ರಾಂ ಬೆಲ್ಲದ ತುಂಡಿನಲ್ಲಿ 9ಕ್ಕೂ ಹೆಚ್ಚು. ಚಿಕ್ಕಿ ಒಳ್ಳೆಯದೇ, ಆದರೆ ಕಡಲೆಬೀಜದ ಎಣ್ಣೆಯಂಶ ಹೊಟ್ಟೆಯಲ್ಲಿ ನಿಧಾನ. ಅದನ್ನು ಬಿಸಿಲೆ ದಾಟಿದ ಮೇಲೆ ತಿನ್ನಿ. ಕಡಿದಾದ ಭಾಗಕ್ಕೆ ಬೆಲ್ಲ, ಬಾಳೆಹಣ್ಣು ಸಾಕು. ಹಸಿವಾಗುವ ತನಕ ಕಾಯದೆ ಮೊದಲ ಅರ್ಧ ಗಂಟೆಯಿಂದಲೇ ಶುರು ಮಾಡಿ.

ಹೊಸಗಾಲಿ:

ಎಲ್ಲರಿಗೂ ಋಣಿ. 11-34, ಜಿಎಸ್ ಡಿರೇಲರ್, 28 ಎಂಎಂ ಟೈರ್ ಖಚಿತ ಮಾಡಿಕೊಂಡೆ, ಜೊತೆಗೆ ಇನ್ನಿಬ್ಬರು ಬರುತ್ತಾರೆ. ಉಳಿದದ್ದು ಎರಡೇ ಪ್ರಶ್ನೆ. ಒಬ್ಬರು ಬಿಸಿಲೆ ತನಕ ಹತ್ತಿ ಅದೇ ದಾರಿಯಲ್ಲಿ ಕುಕ್ಕೆಗೆ ಇಳಿಯಬೇಕು ಎನ್ನುತ್ತಿದ್ದಾರೆ, ಅವರದೂ ರಿಮ್ ಬ್ರೇಕ್. ಇಳಿಯುವಾಗ ಏನು ನೋಡಿಕೊಳ್ಳಬೇಕು? ಮತ್ತೆ ಸೈಕಲನ್ನು ರೈಲಿನಲ್ಲಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ಗೆ ತರುವುದು ಸುಲಭವಾ?

ಹೊಳೆಬದಿ:

ಅವರು ಒಬ್ಬರೇ ಇಳಿಯುವುದು ಬೇಡ, ಆನೆಯ ವಿಷಯದಲ್ಲಿ ಇಳಿಯುವವರಿಗೇ ಹೆಚ್ಚು ಅಪಾಯ. ವೇಗ ಜಾಸ್ತಿ, ಸದ್ದು ಇಲ್ಲ, ಮತ್ತೆ ತಿರುಗಿ ಓಡಬೇಕಾದದ್ದು ಏರಿಗೆ. ಇಳಿಯುವುದೇ ಆದರೆ ಎದುರು ಕಾಣುವ ದೂರದ ಅರ್ಧದಲ್ಲಿ ನಿಲ್ಲಲು ಆಗುವಷ್ಟೇ ವೇಗ. ಎದುರಿನಿಂದ ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಂಡೇ ಬರುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ.

ಬ್ರೇಕು ಉದ್ದಕ್ಕೂ ಹಿಡಿದುಕೊಂಡೇ ಇಳಿಯುವುದು ದೊಡ್ಡ ತಪ್ಪು. ರಿಮ್ ಕಾಯುತ್ತದೆ, ಒಳಗಿನ ಟ್ಯೂಬಿನ ಗಾಳಿ ಹಿಗ್ಗುತ್ತದೆ, ಟೈರು ರಿಮ್ಮಿನಿಂದ ಕಳಚಬಹುದು. ನೇರ ಭಾಗದಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಬಿಟ್ಟ ಹೊತ್ತಿನಲ್ಲಿ ರಿಮ್ಮಿಗೆ ಗಾಳಿ ತಾಗಿ ಆರುತ್ತದೆ. ಲೇಟೆಕ್ಸ್ ಟ್ಯೂಬ್ ಇದ್ದರೆ ತೆಗೆದು ಸಾದಾ ಬ್ಯುಟೈಲ್ ಹಾಕಿ, ಲೇಟೆಕ್ಸ್ ಕಾವು ತಡೆಯುವುದು ಕಡಿಮೆ. ರಿಮ್ ಕಾರ್ಬನ್‌ದಾಗಿದ್ದರೆ ಅವರು ಇಳಿಯುವುದೇ ಬೇಡ ಎಂದು ನನ್ನ ಅಭಿಪ್ರಾಯ.

ಹಿಂದಿನ ದಿನ ಪ್ಯಾಡುಗಳನ್ನು ಹೊರತೆಗೆದು ನೋಡಿ. ರಬ್ಬರಿನಲ್ಲಿ ಹೊಳೆಯುವ ಲೋಹದ ಚೂರು, ಮರಳು ಕಚ್ಚಿಕೊಂಡಿದ್ದರೆ ಸೂಜಿಯಿಂದ ಕೀಳಿ, ಉಪ್ಪುಕಾಗದದಲ್ಲಿ ಒಮ್ಮೆ ಉಜ್ಜಿ. ಸವೆತದ ಗೆರೆ ಮಾಸಿದ್ದರೆ ಹೊಸದು ಹಾಕಿ. ಬ್ರೇಕ್ ಕೇಬಲ್ ಕ್ಯಾಲಿಪರ್‌ನಲ್ಲಿ ಬಿಗಿಯುವ ಬೋಲ್ಟಿನ ಹತ್ತಿರ, ಲಿವರ್‌ನ ಒಳಗೆ ತಲೆ ಕೂರುವ ಜಾಗದಲ್ಲಿ ಒಂದೇ ಒಂದು ಎಳೆ ತುಂಡಾಗಿದ್ದರೂ ಬದಲಿಸಿ. ಟೈರು 25ರಿಂದ 28 ಆದಾಗ ಪ್ಯಾಡು ಟೈರಿನ ಗೋಡೆಗೆ ತಾಗುತ್ತಿದೆಯಾ ಎಂಬುದನ್ನೂ ನೋಡಬೇಕು. ಬ್ರೇಕು ಒತ್ತಿ ಹಿಡಿದಾಗ ಪ್ಯಾಡಿನ ಮೇಲಂಚು ರಿಮ್ಮಿನ ಅಂಚಿಗಿಂತ 1 ಎಂಎಂ ಆದರೂ ಕೆಳಗಿರಲಿ.

ಚೈನ್ ಲೆಕ್ಕ:

ರೈಲಿನ ಬಗ್ಗೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಅಲ್ಲಿಂದ ಸುಮಾರು 12 ಕಿ.ಮೀ., ತುಳಿದೇ ಹೋಗಬಹುದು. ಸೀಟಿನ ಕೆಳಗೆ ಇಡಬಹುದಾದ ಸಾಮಾನಿನ ಅಳತೆ 100×60×25 ಸೆಂ.ಮೀ., ಚಕ್ರ ಬಿಚ್ಚಿ ಬ್ಯಾಗಿಗೆ ಹಾಕಿದರೂ ರೋಡ್ ಸೈಕಲ್ ಅದರೊಳಗೆ ಬರುವುದಿಲ್ಲ. ಆದ್ದರಿಂದ ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಲಗೇಜ್ ಆಗಿ ಬುಕ್ ಮಾಡಿ. ಬುಕ್ ಮಾಡುವಾಗ ಆ ರೈಲು ನೆಟ್ಟಣದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಅಲ್ಲಿ ಲಗೇಜ್ ಇಳಿಸುತ್ತಾರಾ ಎಂದು ಬಾಯಿಬಿಟ್ಟು ಕೇಳಿ. ನಿಲುಗಡೆ ಚಿಕ್ಕದಾದರೆ ಸೈಕಲ್ ಮುಂದಿನ ಊರಿಗೆ ಹೋಗಿಬಿಡಬಹುದು. ಇಳಿಸುವುದಿಲ್ಲ ಎಂದರೆ ಕಾರಿನ ರ್‍ಯಾಕ್ ಮೇಲೆ ತರುವುದು ವಾಸಿ.

ಯಾವುದರಲ್ಲಿ ತಂದರೂ ಹಿಂದಿನ ಗೇರನ್ನು 34ಕ್ಕೆ ಹಾಕಿ ಕಳುಹಿಸಿ, ಆಗ ಡಿರೇಲರ್ ಒಳಕ್ಕೆ ಸರಿದು ಪೆಟ್ಟು ಕಡಿಮೆ ಬೀಳುತ್ತದೆ. ಕುಕ್ಕೆ ತಲುಪಿದ ಮೇಲೆ ಹಿಂದಿನಿಂದ ಕೂತು ನೋಡಿ, ಎರಡು ಪುಲ್ಲಿಗಳು ಹಲ್ಲುಚಕ್ರದ ನೇರಕ್ಕೆ ಇವೆಯಾ ಎಂದು. ಹ್ಯಾಂಗರ್ ಒಳಕ್ಕೆ ಒಂದಿಷ್ಟು ಬಾಗಿದ್ದರೂ 34ಕ್ಕೆ ಹಾಕಿದ ಕ್ಷಣ ಕೇಜ್ ಸ್ಪೋಕ್ಸ್‌ಗೆ ಸಿಕ್ಕಿ ಚಕ್ರ, ಡಿರೇಲರ್ ಎರಡೂ ಹೋಗುತ್ತವೆ. ಚಕ್ರ ಎತ್ತಿ, ಕೈಯಲ್ಲಿ ಪೆಡಲ್ ತಿರುಗಿಸಿ ನಿಧಾನವಾಗಿ 30, ಆಮೇಲೆ 34ಕ್ಕೆ ಹಾಕಿ. ಸ್ಪೋಕ್ಸ್‌ಗೆ ತಾಗುವ ಸದ್ದು ಬಂದರೆ ಹ್ಯಾಂಗರ್ ಬದಲಿಸಿ, ಆಮೇಲೆ ಡಿರೇಲರ್ ಒಳಕ್ಕೆ ಹೆಚ್ಚು ಸರಿಯದಂತೆ ತಡೆಯುವ ಎಲ್ ಸ್ಕ್ರೂ ಹೊಂದಿಸಿ. ಬಾಗಿದ ಹ್ಯಾಂಗರ್ ಇಟ್ಟುಕೊಂಡು ಬರೀ ಸ್ಕ್ರೂ ಬಿಗಿದರೆ 34 ಬೀಳುವುದೇ ಇಲ್ಲ, ಇಷ್ಟು ಖರ್ಚು ಮಾಡಿದ್ದು ವ್ಯರ್ಥ. ಈ ಕೆಲಸ ಹಿಂದಿನ ಸಂಜೆ ಬೆಳಕಿರುವಾಗಲೇ ಮುಗಿಸಿ.